ಶ್ವಾಸಕೋಶದ ಅಪರೂಪದ ಗಡ್ಡೆಗಳು ಮತ್ತು ವಂಶವಾಹಿ: ಒಂದು ಮಗುವಿನ ರೋಗ, ಇಡೀ ಮನೆಗೆ ಸುಳಿವು

ಶ್ವಾಸಕೋಶದ ಕ್ಯಾನ್ಸರ್ ಎಂದ ಕೂಡಲೇ ನಮಗೆ ನೆನಪಾಗುವುದು ಬೀಡಿ, ಸಿಗರೇಟು ಮತ್ತು ವಯಸ್ಸಾದ ಗಂಡಸರು. ಹಾಗಾಗಿ ಎಂಟು ತಿಂಗಳ ಕೂಸಿನ ಎದೆಯಲ್ಲಿ ಗಡ್ಡೆಯಿದೆ ಎಂದು ವೈದ್ಯರು ಹೇಳಿದರೆ ಮನೆಯವರು ನಂಬುವುದೇ ಕಷ್ಟ. "ಇಷ್ಟು ಚಿಕ್ಕ ಮಗುವಿಗೆ ಹೇಗೆ ಬಂತು?", "ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲವಲ್ಲ?", "ಬಸುರಿಯಿದ್ದಾಗ ನಾನೇನಾದರೂ ತಪ್ಪು ಮಾಡಿದೆನಾ?" ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ.

ಇಂಥ ಕೆಲವು ಗಡ್ಡೆಗಳ ಹಿಂದೆ ಇರುವುದು ಹೊಗೆಯೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಹುಟ್ಟಿನಿಂದಲೇ ದೇಹದ ಜೀವಕೋಶಗಳಲ್ಲಿ ಇರುವ ಒಂದೇ ಒಂದು ಜೀನಿನ ಬದಲಾವಣೆ. ಈ ಲೇಖನದಲ್ಲಿ ನಾವು ಅಂಥ ಗಡ್ಡೆಗಳ ಬಗ್ಗೆ ತಿಳಿಯೋಣ. ಮುಖ್ಯವಾಗಿ ಎಳೆಯ ಮಕ್ಕಳಲ್ಲಿ ಬರುವ ಪ್ಲೂರೋಪಲ್ಮನರಿ ಬ್ಲಾಸ್ಟೋಮಾ ಎಂಬ ಕಾಯಿಲೆ ಮತ್ತು ಅದರ ಹಿಂದಿರುವ ಡೈಸರ್1 ಎಂಬ ಜೀನಿನ ಕಥೆಯನ್ನು ನೋಡೋಣ. ನಂತರ ದೊಡ್ಡವರಲ್ಲಿ ಶ್ವಾಸಕೋಶವನ್ನು ಕಾಡುವ ಇನ್ನೂ ಕೆಲವು ಆನುವಂಶಿಕ ತೊಂದರೆಗಳತ್ತ ಬರೋಣ.

ಇವು ಬಹಳ ಅಪರೂಪದ ಕಾಯಿಲೆಗಳು. ಹಾಗಿದ್ದರೂ ಇವುಗಳ ಬಗ್ಗೆ ತಿಳಿದಿರುವುದು ಯಾಕೆ ಮುಖ್ಯ? ಈ ಕಾಯಿಲೆ ಯಾವ ಹಂತದಲ್ಲಿ ಸಿಕ್ಕಿಬೀಳುತ್ತದೆ ಎಂಬುದರ ಮೇಲೆ ಮಗುವಿನ ಜೀವ ನಿಂತಿರುತ್ತದೆ. ಜೊತೆಗೆ, ಒಂದು ಮಗುವಿನಲ್ಲಿ ಸಿಕ್ಕ ಸುಳಿವು ಅದರ ತಮ್ಮ, ತಂಗಿ, ಚಿಕ್ಕಮ್ಮನ ಮಕ್ಕಳನ್ನೂ ಕಾಪಾಡಬಲ್ಲದು.

ಆನುವಂಶಿಕ ಕ್ಯಾನ್ಸರ್ ಸಿಂಡ್ರೋಮ್ ಎಂದರೇನು?

ಎಲ್ಲ ಕ್ಯಾನ್ಸರುಗಳೂ ಜೀನುಗಳಲ್ಲಿ ಆಗುವ ಬದಲಾವಣೆಯಿಂದಲೇ ಹುಟ್ಟುತ್ತವೆ. ಆದರೆ ಎಲ್ಲ ಕ್ಯಾನ್ಸರುಗಳೂ ಅಪ್ಪ ಅಮ್ಮನಿಂದ ಬರುವುದಿಲ್ಲ. ಹೆಚ್ಚಿನವರಲ್ಲಿ ಈ ಬದಲಾವಣೆ ಬದುಕಿನ ನಡುವೆ, ದೇಹದ ಯಾವುದೋ ಒಂದು ಭಾಗದ ಜೀವಕೋಶದಲ್ಲಿ ಮಾತ್ರ ಆಗಿರುತ್ತದೆ. ಅದು ಮಕ್ಕಳಿಗೆ ದಾಟುವುದಿಲ್ಲ.

ಒಟ್ಟು ಕ್ಯಾನ್ಸರುಗಳಲ್ಲಿ ಸುಮಾರು 5ರಿಂದ 10 ಶೇಕಡಾ ಮಾತ್ರ ಆನುವಂಶಿಕ. ಇಂಥವರಲ್ಲಿ ಬದಲಾವಣೆಯು ಹುಟ್ಟುವಾಗಲೇ ಇರುತ್ತದೆ, ಮತ್ತು ದೇಹದ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ಹಾಗಾಗಿಯೇ ರಕ್ತ ಪರೀಕ್ಷೆಯಲ್ಲಿ ಅದನ್ನು ಕಂಡುಹಿಡಿಯಬಹುದು.

ನಮ್ಮಲ್ಲಿ ಪ್ರತಿಯೊಂದು ಜೀನಿಗೂ ಸಾಮಾನ್ಯವಾಗಿ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಒಂದು ಪ್ರತಿ ಕೆಟ್ಟರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಎರಡೂ ಕೆಟ್ಟಾಗ ಜೀವಕೋಶ ಲಂಗುಲಗಾಮಿಲ್ಲದೆ ಬೆಳೆಯತೊಡಗುತ್ತದೆ. ಅಮೆರಿಕದ ವೈದ್ಯ ಆಲ್ಫ್ರೆಡ್ ನುಡ್ಸನ್ ಅವರು 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರಾದ ರೆಟಿನೋಬ್ಲಾಸ್ಟೋಮಾವನ್ನು ಅಧ್ಯಯನ ಮಾಡಿ ಈ 'ಎರಡು ಪೆಟ್ಟಿನ' ವಿಚಾರವನ್ನು ಮುಂದಿಟ್ಟರು. ಆನುವಂಶಿಕ ಸಿಂಡ್ರೋಮ್ ಇರುವವರಿಗೆ ಮೊದಲ ಪೆಟ್ಟು ಹುಟ್ಟುವಾಗಲೇ ಬಿದ್ದಿರುತ್ತದೆ. ಎರಡನೆಯ ಪೆಟ್ಟು ಬಿದ್ದರೆ ಗಡ್ಡೆ, ಬೀಳದಿದ್ದರೆ ಇಲ್ಲ. ಬದಲಾದ ಜೀನ್ ಇದ್ದೂ ಹಲವರು ಜೀವನಪೂರ್ತಿ ಆರೋಗ್ಯವಾಗಿರಲು ಇದೇ ಕಾರಣ.

ಪ್ಲೂರೋಪಲ್ಮನರಿ ಬ್ಲಾಸ್ಟೋಮಾ: ಎಳೆಯ ಮಕ್ಕಳ ಶ್ವಾಸಕೋಶದ ಕ್ಯಾನ್ಸರ್

ಪ್ಲೂರಾ ಎಂದರೆ ಶ್ವಾಸಕೋಶವನ್ನು ಸುತ್ತುವ ಪೊರೆ. ಪಲ್ಮನರಿ ಎಂದರೆ ಶ್ವಾಸಕೋಶಕ್ಕೆ ಸಂಬಂಧಿಸಿದ್ದು. ಬ್ಲಾಸ್ಟೋಮಾ ಎಂದರೆ ಇನ್ನೂ ಪೂರ್ತಿ ಬಲಿಯದ, ಭ್ರೂಣದ ಜೀವಕೋಶಗಳನ್ನು ಹೋಲುವ ಕೋಶಗಳಿಂದಾದ ಗಡ್ಡೆ. ಹೆಸರು ಉದ್ದವಾದ್ದರಿಂದ ವೈದ್ಯರು ಇದನ್ನು ಪಿಪಿಬಿ ಎಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಇದು ದೊಡ್ಡವರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರ್ ಅಲ್ಲವೇ ಅಲ್ಲ. ದೊಡ್ಡವರಲ್ಲಿ ಕ್ಯಾನ್ಸರ್ ಸಾಮಾನ್ಯವಾಗಿ ಉಸಿರಿನ ನಾಳಗಳ ಒಳಪದರದಲ್ಲಿ ಹುಟ್ಟುತ್ತದೆ. ಪಿಪಿಬಿಯಲ್ಲಿ ಕೆಡುವುದು ಆ ಒಳಪದರದ ಅಡಿಯಲ್ಲಿರುವ, ಶ್ವಾಸಕೋಶಕ್ಕೆ ಆಕಾರ ಕೊಡುವ ಎಳೆಯ ಅಂಗಾಂಶ. ಅಮೆರಿಕದ ವೈದ್ಯರ ತಂಡವೊಂದು 1988ರಲ್ಲಿ 11 ಮಕ್ಕಳ ಗಡ್ಡೆಗಳನ್ನು ಪರೀಕ್ಷಿಸಿ, ಇದೊಂದು ಬೇರೆಯೇ ಕಾಯಿಲೆ ಎಂದು ಗುರುತಿಸಿ ಈ ಹೆಸರು ಕೊಟ್ಟಿತು. ಅಷ್ಟರಲ್ಲಿ, 1987ರಲ್ಲೇ, ಮಿನ್ನೆಸೋಟಾದಲ್ಲಿ ಈ ಕಾಯಿಲೆಗಾಗಿ ಅಂತಾರಾಷ್ಟ್ರೀಯ ದಾಖಲಾತಿ ಕೇಂದ್ರವೊಂದು ಆರಂಭವಾಗಿತ್ತು. ಬೇರೆ ಬೇರೆ ದೇಶಗಳ ವೈದ್ಯರು ತಮ್ಮಲ್ಲಿಗೆ ಬಂದ ಒಂದೊಂದು ಮಗುವಿನ ಮಾಹಿತಿಯನ್ನೂ ಅಲ್ಲಿಗೆ ಕಳಿಸಿದ್ದರಿಂದಲೇ ಇಂದು ಈ ಕಾಯಿಲೆಯ ಬಗ್ಗೆ ಇಷ್ಟಾದರೂ ಗೊತ್ತಿದೆ.

ಪಿಪಿಬಿಯಲ್ಲಿ ಮೂರು ಮುಖ್ಯ ಹಂತಗಳಿವೆ.

• ಮೊದಲನೆಯ ವಿಧ: ಶ್ವಾಸಕೋಶದಲ್ಲಿ ಗಾಳಿ ತುಂಬಿದ ಗುಳ್ಳೆಗಳು, ಅಂದರೆ ಸಿಸ್ಟ್‌ಗಳು ಮಾತ್ರ ಇರುತ್ತವೆ. ಗುಳ್ಳೆಯ ಗೋಡೆಯಲ್ಲಿ ಕ್ಯಾನ್ಸರ್ ಕೋಶಗಳು ಅಡಗಿರುತ್ತವೆ. ಪತ್ತೆಯಾಗುವ ಸರಾಸರಿ ವಯಸ್ಸು ಸುಮಾರು 8 ತಿಂಗಳು.

• ಎರಡನೆಯ ವಿಧ: ಗುಳ್ಳೆಗಳ ಜೊತೆಗೆ ಗಟ್ಟಿ ಗಡ್ಡೆಯೂ ಬೆಳೆದಿರುತ್ತದೆ. ಪತ್ತೆಯಾಗುವ ವಯಸ್ಸು ಸುಮಾರು 35 ತಿಂಗಳು.

• ಮೂರನೆಯ ವಿಧ: ಗುಳ್ಳೆ ಕಾಣುವುದೇ ಇಲ್ಲ, ಪೂರ್ತಿ ಗಟ್ಟಿ ಗಡ್ಡೆ. ಪತ್ತೆಯಾಗುವ ವಯಸ್ಸು ಸುಮಾರು 41 ತಿಂಗಳು.

ಈ ಮೂರೂ ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಕಾಯಿಲೆಯ ಮೆಟ್ಟಿಲುಗಳು. ಮೊದಲ ವಿಧದ ಗುಳ್ಳೆಯನ್ನು ಹಾಗೆಯೇ ಬಿಟ್ಟರೆ ಕೆಲವು ಮಕ್ಕಳಲ್ಲಿ ಅದು ಎರಡು ಅಥವಾ ಮೂರನೆಯ ವಿಧವಾಗಿ ಬೆಳೆಯುತ್ತದೆ. ಇನ್ನು ಕೆಲವರಲ್ಲಿ ಅದು ತಾನಾಗಿಯೇ ಬೆಳವಣಿಗೆ ನಿಲ್ಲಿಸಿ, ಕ್ಯಾನ್ಸರ್ ಕೋಶಗಳಿಲ್ಲದ ಖಾಲಿ ಗುಳ್ಳೆಯಾಗಿ ಉಳಿದುಬಿಡುತ್ತದೆ. ಯಾವ ಮಗುವಿನಲ್ಲಿ ಯಾವುದಾಗುತ್ತದೆ ಎಂದು ಮೊದಲೇ ಹೇಳಲು ಸಾಧ್ಯವಿಲ್ಲದಿರುವುದರಿಂದ ಕಾದು ನೋಡುವುದು ಅಪಾಯ.

ಅಂತಾರಾಷ್ಟ್ರೀಯ ದಾಖಲಾತಿಯಲ್ಲಿದ್ದ 350 ಪಿಪಿಬಿ ರೋಗಿಗಳ ವಿವರಗಳು 2015ರಲ್ಲಿ ಪ್ರಕಟವಾದವು. ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಗುಳ್ಳೆಯ ಹಂತದಲ್ಲಿ 91 ಶೇಕಡಾ, ಎರಡನೆಯ ವಿಧದಲ್ಲಿ 71 ಶೇಕಡಾ, ಮೂರನೆಯ ವಿಧದಲ್ಲಿ 53 ಶೇಕಡಾ. ಈ ಲೇಖನಕ್ಕಾಗಿ ಓದುತ್ತಾ ಹೋದಾಗ ನಮ್ಮನ್ನು ಹೆಚ್ಚು ಕಾಡಿದ್ದು ಈ ಮೂರು ಅಂಕಿಗಳು. 91ಕ್ಕೂ 53ಕ್ಕೂ ನಡುವೆ ಇರುವುದು ಮಗುವಿನ ಬಾಳಿನ ಸುಮಾರು ಎರಡೂಮುಕ್ಕಾಲು ವರ್ಷ.

ಡೈಸರ್1 ಜೀನ್ ಮಾಡುವ ಕೆಲಸವೇನು?

ಪಿಪಿಬಿ ಬಂದ ಕೆಲವು ಮಕ್ಕಳ ಮನೆಗಳಲ್ಲಿ ಬೇರೆಯವರಿಗೂ ವಿಚಿತ್ರವಾದ ಗಡ್ಡೆಗಳು ಇರುವುದನ್ನು ವೈದ್ಯರು ಮೊದಲಿನಿಂದಲೂ ಗಮನಿಸಿದ್ದರು. ಇದಕ್ಕೆ ಉತ್ತರ ಸಿಕ್ಕಿದ್ದು 2009ರಲ್ಲಿ. ಡಿ. ಆಶ್ಲೆ ಹಿಲ್ ಮತ್ತು ಸಂಗಡಿಗರು ಇಂಥ ಕುಟುಂಬಗಳನ್ನು ಪರೀಕ್ಷಿಸಿ, 14ನೇ ಕ್ರೋಮೋಸೋಮಿನಲ್ಲಿರುವ ಡೈಸರ್1 ಜೀನಿನಲ್ಲಿ ಬದಲಾವಣೆ ಇರುವುದನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಜೀನ್ ತಯಾರಿಸುವ ಡೈಸರ್ ಎಂಬ ಕಿಣ್ವದ ಕೆಲಸ ಹೆಚ್ಚುವುದು. ಈಳಿಗೆ ಮಣೆಯ ಮುಂದೆ ಕುಳಿತು ಉದ್ದದ ಬೀನ್ಸನ್ನು ಒಂದೇ ಅಳತೆಯ ತುಂಡುಗಳಾಗಿ ಹೆಚ್ಚುತ್ತೇವಲ್ಲ, ಹಾಗೆಯೇ ಈ ಕಿಣ್ವ ಉದ್ದವಾದ ಆರ್‌ಎನ್‌ಎ ಎಳೆಗಳನ್ನು ಪುಟ್ಟ ತುಂಡುಗಳಾಗಿ ಕತ್ತರಿಸುತ್ತದೆ. ಈ ಪುಟ್ಟ ತುಂಡುಗಳೇ ಮೈಕ್ರೋಆರ್‌ಎನ್‌ಎಗಳು. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು, ಯಾವಾಗ ಸುಮ್ಮನಾಗಬೇಕು ಎಂದು ಹತೋಟಿಯಲ್ಲಿಡುವುದು ಇವು. ಮೈಕ್ರೋಆರ್‌ಎನ್‌ಎಗಳನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು.

ಗರ್ಭದಲ್ಲಿ ಶ್ವಾಸಕೋಶ ರೂಪುಗೊಳ್ಳುವಾಗ ಜೀವಕೋಶಗಳು ಭರದಿಂದ ಬೆಳೆಯುತ್ತವೆ, ನಂತರ ಬೆಳವಣಿಗೆ ನಿಲ್ಲಬೇಕು. ಡೈಸರ್ ಸರಿಯಾಗಿ ಕತ್ತರಿಸದಿದ್ದರೆ 'ಸಾಕು, ನಿಲ್ಲಿಸು' ಎಂಬ ಸಂದೇಶ ತಲುಪುವುದಿಲ್ಲ. ಎಳೆಯ ಅಂಗಾಂಶ ಬೆಳೆಯುತ್ತಲೇ ಹೋಗುತ್ತದೆ. ಪಿಪಿಬಿ ಬಹುಪಾಲು ಏಳು ವರ್ಷದೊಳಗಿನ ಮಕ್ಕಳಲ್ಲೇ ಕಾಣಿಸಿಕೊಳ್ಳಲು ಇದೇ ಕಾರಣ.

ಅದೇ 2015ರ ವರದಿಯಲ್ಲಿ, ಪರೀಕ್ಷೆಗೆ ಒಳಪಟ್ಟ 97 ಪಿಪಿಬಿ ರೋಗಿಗಳಲ್ಲಿ 66 ಶೇಕಡಾ ಮಂದಿಗೆ ಹುಟ್ಟಿನಿಂದಲೇ ಡೈಸರ್1 ಬದಲಾವಣೆ ಇತ್ತು. ಉಳಿದ ಕೆಲವರಲ್ಲಿ ಬದಲಾವಣೆ ಗಡ್ಡೆಯಲ್ಲಿ ಮಾತ್ರ ಇರುತ್ತದೆ, ಅಥವಾ ದೇಹದ ಕೆಲವೇ ಕೋಶಗಳಲ್ಲಿ ಹಂಚಿಹೋಗಿರುತ್ತದೆ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ವೈದ್ಯರು ಕೆಲವೊಮ್ಮೆ ಗಡ್ಡೆಯ ತುಣುಕನ್ನೇ ಪರೀಕ್ಷೆಗೆ ಕಳಿಸುತ್ತಾರೆ.

ಕಾಯಿಲೆ ಕಣ್ತಪ್ಪಿಸಿಕೊಳ್ಳುವುದು ಹೇಗೆ?

ಗುಳ್ಳೆಯ ಹಂತದಲ್ಲಿ ಹಲವು ಮಕ್ಕಳಿಗೆ ಯಾವ ತೊಂದರೆಯೂ ಇರುವುದಿಲ್ಲ. ಗುಳ್ಳೆ ದೊಡ್ಡದಾದರೆ ಮಗು ಏದುಸಿರು ಬಿಡಬಹುದು. ಗುಳ್ಳೆ ಒಡೆದರೆ ಗಾಳಿ ಎದೆಗೂಡಿಗೆ ಸೋರಿ ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಇದಕ್ಕೆ ನ್ಯುಮೋಥೊರಾಕ್ಸ್ ಎನ್ನುತ್ತಾರೆ. ಪೆಟ್ಟಾಗದ ಎಳೆಯ ಮಗುವಿನಲ್ಲಿ ಇದು ಆದರೆ ಅದೊಂದು ಗಟ್ಟಿ ಸುಳಿವು.

ಗಡ್ಡೆ ಗಟ್ಟಿಯಾದ ಮೇಲೆ ಬರುವ ಲಕ್ಷಣಗಳು ಜ್ವರ, ಕೆಮ್ಮು, ಎದೆನೋವು, ಉಸಿರಾಟದ ತೊಂದರೆ. ಇವೆಲ್ಲ ನ್ಯುಮೋನಿಯಾದ ಲಕ್ಷಣಗಳೂ ಹೌದು. ಎಕ್ಸ್‌ರೇಯಲ್ಲಿ ಬಿಳಿ ಮಬ್ಬು ಕಂಡರೆ ವೈದ್ಯರು ಮೊದಲು ಸೋಂಕನ್ನೇ ಶಂಕಿಸುತ್ತಾರೆ, ಅದು ತಪ್ಪಲ್ಲ. ನ್ಯುಮೋನಿಯಾ ಮತ್ತು ಕ್ಷಯ ಎರಡೂ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಂತೂ ಇದು ಸಹಜ. ಆದರೆ ಸರಿಯಾದ ಔಷಧಿ ಕೊಟ್ಟರೂ ಮಬ್ಬು ಕರಗದಿದ್ದರೆ, ಅಥವಾ ಅದೇ ಜಾಗದಲ್ಲಿ ಮತ್ತೆ ಮತ್ತೆ 'ನ್ಯುಮೋನಿಯಾ' ಬಂದರೆ, ಆಗ ಸಿ.ಟಿ. ಸ್ಕ್ಯಾನ್ ಬಗ್ಗೆ ಕೇಳಬೇಕು.

ಇನ್ನೊಂದು ಗೊಂದಲವೂ ಇದೆ. ಈಗ ಗರ್ಭಿಣಿಯರ ಸ್ಕ್ಯಾನಿನಲ್ಲೇ ಕೆಲವು ಶಿಶುಗಳ ಶ್ವಾಸಕೋಶದಲ್ಲಿ ಗುಳ್ಳೆ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಶ್ವಾಸಕೋಶ ರೂಪುಗೊಳ್ಳುವಾಗ ಆದ ಜನ್ಮಜಾತ ಊನಗಳು ಅಷ್ಟೇ. ಆದ್ದರಿಂದ ಸ್ಕ್ಯಾನ್ ವರದಿಯಲ್ಲಿ 'ಸಿಸ್ಟ್' ಎಂಬ ಪದ ಕಂಡ ಕೂಡಲೇ ಗಾಬರಿ ಬೇಡ. ಆದರೆ ಊನದ ಗುಳ್ಳೆಯೂ ಪಿಪಿಬಿಯ ಗುಳ್ಳೆಯೂ ಸ್ಕ್ಯಾನಿನಲ್ಲಿ ಒಂದೇ ಥರ ಕಾಣಬಹುದು. ಖಚಿತವಾಗಿ ಹೇಳಲು ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗುಳ್ಳೆಗಳು ಹಲವಾರು ಇದ್ದರೆ, ಎರಡೂ ಬದಿಯ ಶ್ವಾಸಕೋಶದಲ್ಲಿದ್ದರೆ, ಒಡೆದು ಗಾಳಿ ಸೋರಿದ್ದರೆ, ಅಥವಾ ಮನೆಯಲ್ಲಿ ಬೇರೆಯವರಿಗೆ ಇಂಥ ಗಡ್ಡೆಗಳಿದ್ದರೆ ಪಿಪಿಬಿಯ ಸಂಶಯ ಹೆಚ್ಚುತ್ತದೆ.

ಚಿಕಿತ್ಸೆ ಏನು?

ಮೊದಲ ವಿಧದಲ್ಲಿ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಗುಳ್ಳೆಯಿರುವ ಭಾಗವನ್ನು ಪೂರ್ತಿಯಾಗಿ ತೆಗೆಯುತ್ತಾರೆ. ಕೆಲವು ಮಕ್ಕಳಿಗೆ ಕೀಮೋಥೆರಪಿಯೂ ಬೇಕಾಗಬಹುದು. ಎರಡು ಮತ್ತು ಮೂರನೆಯ ವಿಧದಲ್ಲಿ ಶಸ್ತ್ರಚಿಕಿತ್ಸೆಯ ಜೊತೆಗೆ ಹಲವು ಔಷಧಿಗಳ ಕೀಮೋಥೆರಪಿ ಬೇಕೇ ಬೇಕು. ಈ ಹಂತಗಳಲ್ಲಿ ಗಡ್ಡೆ ಮೆದುಳಿಗೆ ಹರಡುವ ಸಾಧ್ಯತೆ ಇರುವುದರಿಂದ ಮೆದುಳಿನ ಎಂ.ಆರ್.ಐ. ಸ್ಕ್ಯಾನನ್ನೂ ಆಗಾಗ ಮಾಡುತ್ತಾರೆ. ಇಂಥ ಮಕ್ಕಳನ್ನು ಮಕ್ಕಳ ಕ್ಯಾನ್ಸರ್ ತಜ್ಞರು, ಮಕ್ಕಳ ಶಸ್ತ್ರಚಿಕಿತ್ಸಕರು, ಅಂಗಾಂಶ ತಜ್ಞರು ಒಟ್ಟಿಗೆ ಇರುವ ದೊಡ್ಡ ಆಸ್ಪತ್ರೆಯಲ್ಲೇ ನೋಡಿಸುವುದು ಒಳ್ಳೆಯದು.

ಒಬ್ಬರಿಗೆ ಬಂದರೆ ಮನೆಯವರೆಲ್ಲ ಏನು ಮಾಡಬೇಕು?

ಡೈಸರ್1 ಬದಲಾವಣೆ ಶ್ವಾಸಕೋಶಕ್ಕೆ ಮಾತ್ರ ಸೀಮಿತವಲ್ಲ. ಮೂತ್ರಪಿಂಡದಲ್ಲಿ ಗುಳ್ಳೆಗಳ ಗಡ್ಡೆ, ಅಂಡಾಶಯದಲ್ಲಿ ಸೆರ್ಟೊಲಿ-ಲೇಡಿಗ್ ಎಂಬ ಅಪರೂಪದ ಗಡ್ಡೆ, ಗರ್ಭಕೋಶದ ಕೊರಳಿನಲ್ಲಿ, ಕಣ್ಣಿನಲ್ಲಿ, ಮೂಗಿನಲ್ಲಿ ಕೆಲವು ಬೆಳವಣಿಗೆಗಳು ಹಾಗೂ ಥೈರಾಯ್ಡ್ ಗ್ರಂಥಿಯಲ್ಲಿ ಹಲವು ಗಂಟುಗಳು ಕಾಣಿಸಿಕೊಳ್ಳಬಹುದು. ಡೈಸರ್1 ಕುಟುಂಬಗಳ ಒಂದು ಅಧ್ಯಯನದಲ್ಲಿ, 40 ವರ್ಷ ತುಂಬುವಷ್ಟರಲ್ಲಿ 75 ಶೇಕಡಾ ಹೆಂಗಸರಿಗೆ ಮತ್ತು 17 ಶೇಕಡಾ ಗಂಡಸರಿಗೆ ಥೈರಾಯ್ಡ್ ಗಂಟುಗಳು ಬಂದಿದ್ದವು ಅಥವಾ ಥೈರಾಯ್ಡ್ ತೆಗೆಸಬೇಕಾಗಿ ಬಂದಿತ್ತು.

ಹಾಗೆಂದು ಕುತ್ತಿಗೆಯಲ್ಲಿ ಗಂಟು ಇರುವವರೆಲ್ಲರಿಗೂ ಈ ಸಿಂಡ್ರೋಮ್ ಇದೆ ಎಂದಲ್ಲ. ಗಳಗಂಡ ನಮ್ಮಲ್ಲಿ ತೀರಾ ಸಾಮಾನ್ಯ, ಅಯೋಡಿನ್ ಕೊರತೆಯೇ ಮೊದಲಾದ ಬೇರೆ ಕಾರಣಗಳು ಹಲವಿವೆ. ಆದರೆ ಮಗುವಿನ ಶ್ವಾಸಕೋಶದಲ್ಲಿ ಗುಳ್ಳೆ, ಅತ್ತೆಗೆ ಹದಿನೆಂಟರಲ್ಲೇ ಅಂಡಾಶಯದ ಗಡ್ಡೆ, ಅಜ್ಜಿಗೆ ಎಳೆಯ ವಯಸ್ಸಿನಲ್ಲೇ ಥೈರಾಯ್ಡ್ ಆಪರೇಷನ್ ಎಂಬ ಮೂರೂ ಒಂದೇ ಮನೆಯಲ್ಲಿ ಸೇರಿದರೆ, ಆ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡಬೇಕು. ಬೇರೆ ಬೇರೆ ಊರಿನ, ಬೇರೆ ಬೇರೆ ವೈದ್ಯರಿಗೆ ಈ ದಾರ ಕಾಣುವುದಿಲ್ಲ. ಅದನ್ನು ಹೇಳಬಲ್ಲವರು ಮನೆಯವರು ಮಾತ್ರ.

ತಂದೆ ಅಥವಾ ತಾಯಿಯಲ್ಲಿ ಬದಲಾದ ಜೀನ್ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ 50 ಶೇಕಡಾ. ಮಗುವಿಗೆ ಬದಲಾವಣೆ ಇದೆ ಎಂದು ಗೊತ್ತಾದರೆ ಮುಂದೇನು? ತಜ್ಞರು 2018ರಲ್ಲಿ ಪ್ರಕಟಿಸಿದ ಸಲಹೆಗಳ ಪ್ರಕಾರ ಹುಟ್ಟಿದಾಗ ಎದೆಯ ಎಕ್ಸ್‌ರೇ, 3ರಿಂದ 6 ತಿಂಗಳ ನಡುವೆ ಒಂದು ಸಿ.ಟಿ. ಸ್ಕ್ಯಾನ್, ಅದು ಸರಿಯಿದ್ದರೆ ಎರಡೂವರೆಯಿಂದ ಮೂರು ವರ್ಷದ ನಡುವೆ ಇನ್ನೊಂದು. ಇದರ ಜೊತೆಗೆ ಎಂಟು ವರ್ಷದವರೆಗೆ ಸುಮಾರು ಆರು ತಿಂಗಳಿಗೊಮ್ಮೆ ಎಕ್ಸ್‌ರೇ. ಗುಳ್ಳೆಯ ಹಂತದಲ್ಲೇ ಕಾಯಿಲೆಯನ್ನು ಹಿಡಿಯುವುದು ಈ ವೇಳಾಪಟ್ಟಿಯ ಉದ್ದೇಶ. ನಿಮ್ಮ ಮಗುವಿಗೆ ಯಾವುದು ಬೇಕು ಎಂಬುದನ್ನು ವೈದ್ಯರೇ ತೀರ್ಮಾನಿಸುತ್ತಾರೆ.

ಪರೀಕ್ಷೆಯಲ್ಲಿ ಬದಲಾವಣೆ ಇಲ್ಲ ಎಂದು ಗೊತ್ತಾದ ಮಗುವಿಗೆ ಈ ಸ್ಕ್ಯಾನುಗಳಾವುವೂ ಬೇಡ. ಜೀನ್ ಪರೀಕ್ಷೆಯಿಂದ ಆಗುವ ಲಾಭಗಳಲ್ಲಿ ಇದೂ ಒಂದು.

ಶ್ವಾಸಕೋಶವನ್ನು ಕಾಡುವ ಬೇರೆ ಆನುವಂಶಿಕ ಸಿಂಡ್ರೋಮ್‌ಗಳು

ಇಲ್ಲಿಯವರೆಗೆ ಮಕ್ಕಳ ಬಗ್ಗೆ ತಿಳಿದೆವು. ಇನ್ನು ಮುಂದಿನವು ಹೆಚ್ಚಾಗಿ ದೊಡ್ಡವರಲ್ಲಿ ಕಾಣಿಸಿಕೊಳ್ಳುವಂಥವು.

*ಲಿ-ಫ್ರಾಮೆನಿ ಸಿಂಡ್ರೋಮ್:* ಅಮೆರಿಕದ ಫ್ರೆಡರಿಕ್ ಲಿ ಮತ್ತು ಜೋಸೆಫ್ ಫ್ರಾಮೆನಿ 1969ರಲ್ಲಿ ಇದನ್ನು ವಿವರಿಸಿದರು. ಟಿಪಿ53 ಎಂಬ ಜೀನ್ ಇದರ ಮೂಲ ಎಂದು 1990ರಲ್ಲಿ ತಿಳಿಯಿತು. ಜೀವಕೋಶದ ಕಾವಲುಗಾರನಂತಿರುವ ಈ ಜೀನ್ ಕೆಟ್ಟರೆ ಎಳೆಯ ವಯಸ್ಸಿನಲ್ಲೇ ಸ್ತನ, ಮೂಳೆ, ಮೆದುಳು, ಅಡ್ರಿನಲ್ ಗ್ರಂಥಿ ಹೀಗೆ ಹಲವು ಕಡೆ ಕ್ಯಾನ್ಸರ್ ಬರಬಹುದು. ಧೂಮಪಾನ ಮಾಡದ ಕಿರಿಯರಲ್ಲಿ ಶ್ವಾಸಕೋಶದ ಅಡಿನೋಕಾರ್ಸಿನೋಮಾವೂ ಕಂಡುಬಂದಿದೆ. ಬ್ರೆಜಿಲ್‌ನ ದಕ್ಷಿಣ ಭಾಗದಲ್ಲಿ ಈ ಜೀನಿನ ಒಂದು ನಿರ್ದಿಷ್ಟ ಬದಲಾವಣೆ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. ಈ ಸಿಂಡ್ರೋಮ್ ಇರುವವರಿಗೆ ವಿಕಿರಣದಿಂದ ಹೊಸ ಕ್ಯಾನ್ಸರ್ ಹುಟ್ಟುವ ಅಪಾಯ ಹೆಚ್ಚು. ಹಾಗಾಗಿ ಸಿ.ಟಿ. ಬದಲು ಸಾಧ್ಯವಾದಷ್ಟು ಎಂ.ಆರ್.ಐ. ಬಳಸುತ್ತಾರೆ. ಡೈಸರ್1 ಮಗುವಿಗೆ ಸಿ.ಟಿ. ಬೇಕು, ಇಲ್ಲಿ ಸಿ.ಟಿ. ಕಡಿಮೆ ಮಾಡಬೇಕು. ಯಾವ ಸಿಂಡ್ರೋಮ್ ಎಂದು ನಿಖರವಾಗಿ ತಿಳಿಯುವುದು ಯಾಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

*ಟ್ಯೂಬರಸ್ ಸ್ಕ್ಲಿರೋಸಿಸ್ ಮತ್ತು ಎಲ್‌ಎಎಮ್:* ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಜೀನ್ ಕೆಟ್ಟಾಗ ಚರ್ಮ, ಮೆದುಳು, ಮೂತ್ರಪಿಂಡಗಳಲ್ಲಿ ಗಡ್ಡೆಗಳು ಬೆಳೆಯುತ್ತವೆ. ಮಕ್ಕಳಿಗೆ ಫಿಟ್ಸ್ ಬರಬಹುದು. ಈ ಸಿಂಡ್ರೋಮ್ ಇರುವ ಹೆಂಗಸರಲ್ಲಿ ಶ್ವಾಸಕೋಶದ ಉದ್ದಗಲಕ್ಕೂ ಸಣ್ಣ ಗುಳ್ಳೆಗಳನ್ನುಂಟುಮಾಡುವ ಲಿಂಫಾಂಜಿಯೋಲಿಯೋಮಯೋಮಟೋಸಿಸ್, ಚಿಕ್ಕದಾಗಿ ಎಲ್‌ಎಎಮ್, ಬರಬಹುದು. ಇದು ನಿಧಾನವಾಗಿ ಬೆಳೆಯುವ ಗಡ್ಡೆಕೋಶಗಳ ಕಾಯಿಲೆ. ನಡೆದಾಡುವಾಗ ಏದುಸಿರು, ಮತ್ತೆ ಮತ್ತೆ ನ್ಯುಮೋಥೊರಾಕ್ಸ್ ಇದರ ಲಕ್ಷಣಗಳು. ಸಿರೋಲಿಮಸ್ ಎಂಬ ಮಾತ್ರೆ ಶ್ವಾಸಕೋಶದ ಶಕ್ತಿ ಕುಗ್ಗುವುದನ್ನು ತಡೆಯುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2015ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ನೀಡಿತು. ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಈ ಔಷಧಿಯನ್ನು ಬೇರ್ಪಡಿಸಿದ ತಂಡದ ಮುಂದಾಳು ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ್ ಸೆಹಗಲ್.

*ಬರ್ಟ್-ಹಾಗ್-ಡ್ಯೂಬೆ ಸಿಂಡ್ರೋಮ್:* ಕೆನಡಾದ ಮೂವರು ವೈದ್ಯರು 1977ರಲ್ಲಿ ವಿವರಿಸಿದ್ದು. ಮುಖ, ಕುತ್ತಿಗೆಯ ಮೇಲೆ ಬಿಳಿಯ ಸಣ್ಣ ಗುಳ್ಳೆಗಳು, ಶ್ವಾಸಕೋಶದಲ್ಲಿ ಗಾಳಿ ಗುಳ್ಳೆಗಳು, ಮೂತ್ರಪಿಂಡದಲ್ಲಿ ಗಡ್ಡೆಗಳು ಇದರ ಗುರುತು. ಇಲ್ಲಿ ಶ್ವಾಸಕೋಶದ ಗುಳ್ಳೆ ಕ್ಯಾನ್ಸರ್ ಅಲ್ಲ. ಆದರೆ ಆ ಗುಳ್ಳೆ ಒಡೆದು ಆಸ್ಪತ್ರೆಗೆ ಬಂದಾಗ ಸಿಂಡ್ರೋಮ್ ಪತ್ತೆಯಾದರೆ, ಮೂತ್ರಪಿಂಡದ ಕ್ಯಾನ್ಸರನ್ನು ಬೇಗ ಹಿಡಿಯಬಹುದು. ಅಣ್ಣ, ತಮ್ಮ, ತಂದೆ ಹೀಗೆ ಒಂದೇ ಮನೆಯ ಹಲವರಿಗೆ ನ್ಯುಮೋಥೊರಾಕ್ಸ್ ಆಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

*ಇಜಿಎಫ್‌ಆರ್ ಜೀನ್:* ಇಲ್ಲೊಂದು ಗೊಂದಲ ಬಿಡಿಸಬೇಕು. ಭಾರತವೂ ಸೇರಿ ಏಷ್ಯಾದಲ್ಲಿ, ಧೂಮಪಾನ ಮಾಡದವರ ಶ್ವಾಸಕೋಶದ ಕ್ಯಾನ್ಸರ್ ವರದಿಯಲ್ಲಿ 'ಇಜಿಎಫ್‌ಆರ್ ಮ್ಯುಟೇಷನ್' ಎಂದು ಬರುವುದು ಸಾಮಾನ್ಯ. ಅದನ್ನು ನೋಡಿ ಮಕ್ಕಳು ತಮಗೂ ಬರುತ್ತದೆಂದು ಹೆದರುತ್ತಾರೆ. ಈ ಬದಲಾವಣೆ ಬಹುತೇಕ ಎಲ್ಲರಲ್ಲೂ ಗಡ್ಡೆಯಲ್ಲಿ ಮಾತ್ರ ಇರುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ಟಿ790ಎಂ ಎಂಬ ಬದಲಾವಣೆ ಮಾತ್ರ ಬೆರಳೆಣಿಕೆಯ ಕುಟುಂಬಗಳಲ್ಲಿ ಹುಟ್ಟಿನಿಂದಲೇ ಇರುವುದು 2005ರಿಂದ ಈಚೆಗೆ ತಿಳಿದುಬಂದಿದೆ. ಔಷಧಿ ಶುರುಮಾಡುವ ಮೊದಲೇ ಗಡ್ಡೆಯ ವರದಿಯಲ್ಲಿ ಟಿ790ಎಂ ಕಂಡುಬಂದರೆ ವೈದ್ಯರು ಆನುವಂಶಿಕ ಪರೀಕ್ಷೆಗೆ ಸೂಚಿಸಬಹುದು.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಸಂಬಂಧದಲ್ಲಿ ಮದುವೆಯಾದ್ದರಿಂದಲೇ ಮಗುವಿಗೆ ಈ ಕ್ಯಾನ್ಸರ್ ಬಂತು.
ವಾಸ್ತವ: ಸೋದರಮಾವ, ಅತ್ತೆಯ ಮಗನೊಂದಿಗೆ ಮದುವೆ ನಮ್ಮಲ್ಲಿ ರೂಢಿಯಲ್ಲಿದೆ. ಇದರಿಂದ ಹೆಚ್ಚುವುದು ಜೀನಿನ ಎರಡೂ ಪ್ರತಿಗಳು ಕೆಟ್ಟು ಬಂದರೆ ಮಾತ್ರ ಬರುವ ಕಾಯಿಲೆಗಳು. ನಾವು ಇಲ್ಲಿ ಹೇಳಿದ ಸಿಂಡ್ರೋಮ್‌ಗಳಿಗೆ ತಂದೆ ಅಥವಾ ತಾಯಿ ಒಬ್ಬರಿಂದ ಒಂದು ಕೆಟ್ಟ ಪ್ರತಿ ಬಂದರೆ ಸಾಕು. ಕೆಲವೊಮ್ಮೆ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಮದುವೆಯನ್ನು ದೂರಿ ಪ್ರಯೋಜನವಿಲ್ಲ.

ನಂಬಿಕೆ: ತಾಯಿ ಗ್ರಹಣ ನೋಡಿದ್ದರಿಂದ ಅಥವಾ ತಿನ್ನಬಾರದ್ದನ್ನು ತಿಂದದ್ದರಿಂದ ಹೀಗಾಯಿತು.
ವಾಸ್ತವ: ಜೀನಿನ ಈ ಬದಲಾವಣೆಗೂ ಗ್ರಹಣಕ್ಕೂ, ಪರಂಗಿ ಹಣ್ಣಿಗೂ ಯಾವ ಸಂಬಂಧವೂ ಇಲ್ಲ. ತಾಯಿಯಂತೆಯೇ ತಂದೆಯಿಂದಲೂ ಇದು ಬರಬಹುದು. ಯಾವ ಜೀನ್ ಮಗುವಿಗೆ ಹೋಗಬೇಕೆಂದು ಯಾರೂ ಆರಿಸುವುದಿಲ್ಲ.

ನಂಬಿಕೆ: ಕತ್ತರಿ ತಾಗಿದರೆ ಗಡ್ಡೆ ಹರಡುತ್ತದೆ, ಆಪರೇಷನ್ ಬೇಡ.
ವಾಸ್ತವ: ಪಿಪಿಬಿಯಲ್ಲಿ ಗುಣವಾಗುವ ದಾರಿಯೇ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಹೆದರಿ ಮುಂದೂಡಿದ ತಿಂಗಳುಗಳಲ್ಲೇ ಗುಳ್ಳೆ ಗಡ್ಡೆಯಾಗುವ ಅಪಾಯವಿದೆ.

ನಂಬಿಕೆ: ಜೀನ್ ಪರೀಕ್ಷೆ ಪಾಸಿಟಿವ್ ಎಂದರೆ ಕ್ಯಾನ್ಸರ್ ಬಂದೇ ಬರುತ್ತದೆ.
ವಾಸ್ತವ: ಇಲ್ಲ. ಡೈಸರ್1 ಬದಲಾವಣೆ ಇರುವ ಹೆಚ್ಚಿನವರಿಗೆ ಪಿಪಿಬಿ ಬರುವುದಿಲ್ಲ. ಮಗುವಿಗೆ ಕಾಯಿಲೆ ಬಂದ ಮೇಲೆ ಪರೀಕ್ಷೆ ಮಾಡಿಸಿ, ತಮಗೂ ಅದೇ ಬದಲಾವಣೆ ಇದೆ ಎಂದು ಮೊದಲ ಬಾರಿಗೆ ತಿಳಿಯುವ ಆರೋಗ್ಯವಂತ ತಂದೆ ತಾಯಂದಿರು ಎಷ್ಟೋ ಜನ.

ನಂಬಿಕೆ: ಇದು ಒಬ್ಬರಿಂದೊಬ್ಬರಿಗೆ ಅಂಟುತ್ತದೆ.
ವಾಸ್ತವ: ಜೀನ್ ಬರುವುದು ಹುಟ್ಟಿನಿಂದ ಮಾತ್ರ. ಮಗುವಿನೊಂದಿಗೆ ಉಂಡರೆ, ಮಲಗಿದರೆ, ಆಡಿದರೆ ಅಂಟುವುದಿಲ್ಲ.

ವೈದ್ಯರ ಬಳಿ ಹೋಗುವಾಗ

ಹೋಗುವ ಮೊದಲು ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಳ್ಳಿ. ತಂದೆಯ ಕಡೆ, ತಾಯಿಯ ಕಡೆ ಎರಡೂ ಇರಲಿ. ಯಾರಿಗೆ ಯಾವ ಗಡ್ಡೆ, ಯಾವ ವಯಸ್ಸಿನಲ್ಲಿ ಬಂತು, ಯಾವ ಆಪರೇಷನ್ ಆಯಿತು ಎಂದು ಬರೆಯಿರಿ. ಎಳವೆಯಲ್ಲೇ ತೀರಿಕೊಂಡ ಮಕ್ಕಳನ್ನು ಬಿಡಬೇಡಿ. 'ಆ ಕಾಲದಲ್ಲಿ ಕೆಮ್ಮಿ ಕೆಮ್ಮಿ ಹೋಯಿತು' ಎಂದು ಅಜ್ಜಿ ಹೇಳುವ ಮಾತಿನಲ್ಲೂ ಸುಳಿವಿರಬಹುದು. ಹಳೆಯ ಬಯಾಪ್ಸಿ ವರದಿಗಳಿದ್ದರೆ ತೆಗೆದುಕೊಂಡು ಹೋಗಿ.

ಜೀನ್ ಪರೀಕ್ಷೆಗೆ ಮೊದಲು ಆನುವಂಶಿಕ ಸಲಹೆ, ಅಂದರೆ ಜೆನೆಟಿಕ್ ಕೌನ್ಸೆಲಿಂಗ್ ಪಡೆಯಿರಿ. ಪರೀಕ್ಷೆ ಯಾರಿಂದ ಆರಂಭಿಸಬೇಕು, ಫಲಿತಾಂಶದ ಅರ್ಥವೇನು, ಮನೆಯವರಿಗೆ ಹೇಗೆ ಹೇಳುವುದು ಎಂಬುದನ್ನು ಅವರು ವಿವರಿಸುತ್ತಾರೆ. ಸಾಮಾನ್ಯವಾಗಿ ಕಾಯಿಲೆ ಬಂದವರನ್ನೇ ಮೊದಲು ಪರೀಕ್ಷಿಸುತ್ತಾರೆ. ಅವರಲ್ಲಿ ಸಿಕ್ಕ ಬದಲಾವಣೆಯನ್ನು ಮಾತ್ರ ಉಳಿದವರಲ್ಲಿ ಹುಡುಕಿದರೆ ಸಾಕಾಗುತ್ತದೆ. ವರದಿಯಲ್ಲಿ 'ಅರ್ಥ ಖಚಿತವಿಲ್ಲದ ಬದಲಾವಣೆ' ಎಂದು ಬಂದರೆ ಅದನ್ನು ಕ್ಯಾನ್ಸರ್ ಎಂದುಕೊಳ್ಳಬೇಡಿ. ಅದರ ಮೇಲೆ ಯಾವ ದೊಡ್ಡ ತೀರ್ಮಾನವನ್ನೂ ಮಾಡುವಂತಿಲ್ಲ.

ಕೊನೆಯದಾಗಿ

ಕ್ಯಾನ್ಸರ್ ಸುದ್ದಿಯನ್ನು ಮುಚ್ಚಿಡುವುದು ನಮ್ಮ ಎಷ್ಟೋ ಮನೆಗಳ ಅಭ್ಯಾಸ. ಹುಡುಗಿಯ ಮದುವೆಗೆ ತೊಂದರೆಯಾಗುತ್ತದೆ, ಜನ ಆಡಿಕೊಳ್ಳುತ್ತಾರೆ ಎಂಬ ಭಯ ನಮಗೂ ಅರ್ಥವಾಗುತ್ತದೆ. ಆದರೆ ಈ ಸಿಂಡ್ರೋಮ್‌ಗಳ ವಿಷಯದಲ್ಲಿ ಮುಚ್ಚಿಟ್ಟ ಸುದ್ದಿಗೆ ಬೆಲೆ ತೆರುವುದು ಇನ್ನೂ ಹುಟ್ಟಬೇಕಾದ ಅಥವಾ ಈಗಷ್ಟೇ ಅಂಬೆಗಾಲಿಡುತ್ತಿರುವ ಇನ್ನೊಂದು ಮಗು. ಊರಿಗೆಲ್ಲ ಹೇಳಬೇಕಾಗಿಲ್ಲ. ಅಣ್ಣನಿಗೆ, ಅಕ್ಕನಿಗೆ, ಚಿಕ್ಕಪ್ಪನಿಗೆ ಹೇಳಿದರೆ ಸಾಕು. "ನಮ್ಮ ಮಗುವಿಗೆ ಇದು ಬಂದಿತ್ತು, ನಿಮ್ಮ ಮಗುವಿನ ಎದೆಯನ್ನೂ ಒಮ್ಮೆ ತೋರಿಸಿ" ಎಂಬ ಒಂದು ಫೋನ್ ಕರೆ, ಗುಳ್ಳೆಯನ್ನು ಗುಳ್ಳೆಯಾಗಿರುವಾಗಲೇ ಹಿಡಿಯಲು ನೆರವಾಗಬಹುದು.

ಈ ಲೇಖನ ಮಾಹಿತಿಗಾಗಿ ಮಾತ್ರ. ರೋಗನಿರ್ಣಯ ಮತ್ತು ಚಿಕಿತ್ಸೆಗೆ ನಿಮ್ಮ ವೈದ್ಯರನ್ನೇ ಕಾಣಿ.